ಬಂಡಿಯ ಬೆಡಗೂ ಬೆನ್ನಿನ ಸುಖವೂ

ಮನುಷ್ಯನಿಗೆ ತನ್ನ ವಾಹನದ ಮೇಲಿರುವ ಮೋಹವು ಇಂದು ನಿನ್ನೆಯದಲ್ಲ. ಜಾತ್ರೆಯ ದಿನ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಊರ ಮುಂದೆ ಗಾಡಿ ಹೊಡೆದುಕೊಂಡು ಹೋಗುವ ರೈತನ ಹೆಮ್ಮೆಯನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಆ ಹೆಮ್ಮೆಯನ್ನು ತಪ್ಪೆಂದು ಯಾರೂ ಹೇಳಲಾರರು. ಆದರೆ ಗಾಡಿಯು ಬೆಡಗಿನದಾಗಿದ್ದರಷ್ಟೇ ಸಾಲದು; ಅದರೊಳಗೆ ಕುಳಿತ ಹಿರಿಯರ ಸೊಂಟವೂ ನೆಟ್ಟಗಿರಬೇಕು. ಈ ಎರಡನ್ನೂ ಸರಿದೂಗಿಸುವ ಬಗೆ ಯಾವುದೆಂಬ ಪ್ರಶ್ನೆಯು ಕಳೆದ ಬೇಸಿಗೆಯಲ್ಲಿ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ನಮಗೆ ಎದುರಾಯಿತು. ಆ ಪ್ರಸಂಗವನ್ನೂ, ಅದರಿಂದ ನಾವು ಕಲಿತುದನ್ನೂ ಓದುಗರ ಮುಂದಿಡಬಯಸುತ್ತೇವೆ.

ನಮ್ಮ ಅಕ್ಕನ ಮಗನು ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ಮನೆಮಾಡಿಕೊಂಡಿದ್ದಾನೆ. ಮೋಟಾರು ಬಂಡಿಗಳ ತವರೆಂದು ಜಗತ್ತಿಗೆಲ್ಲ ಹೆಸರಾದ ಊರು ಅದು. ಹುಡುಗನ ಉದ್ಯೋಗವು ಕಂಪ್ಯೂಟರಿನ ಮುಂದೆಯೇ ಆದರೂ ಮನಸ್ಸೆಲ್ಲ ಮೋಟಾರಿನ ಕಡೆಗೆ. ಹಲವು ವರ್ಷ ಹಣ ಕೂಡಿಟ್ಟು, ೨೦೧೨ನೆಯ ಇಸವಿಯ ಫೋರ್ಡ್ ಮಸ್ಟಾಂಗ್ ಬಂಡಿಯೊಂದನ್ನು ಹಿಂದಿನ ಒಡೆಯನಿಂದ ಕೊಂಡಿದ್ದನು. ತಾಯಿಯು ಬಂದಾಗ ಆ ಬಂಡಿಯಲ್ಲಿಯೇ ಅವಳನ್ನು ಉತ್ತರದ ಮ್ಯಾಕಿನಾ ಸೇತುವೆಯವರೆಗೂ ಕರೆದೊಯ್ಯಬೇಕೆಂಬುದು ಅವನ ಬಹುದಿನದ ಆಸೆ. ೧೯೫೭ರಲ್ಲಿ ಸಂಚಾರಕ್ಕೆ ತೆರೆದ ಆ ಸೇತುವೆಯು ಸುಮಾರು ಐದು ಮೈಲಿ ಉದ್ದವಿದ್ದು, ಮಿಷಿಗನ್ನಿನ ಎರಡು ಭೂಭಾಗಗಳನ್ನು ಕೂಡಿಸುತ್ತದೆ. ಡೆಟ್ರಾಯಿಟಿನಿಂದ ಅಲ್ಲಿಗೆ ಇನ್ನೂರೈವತ್ತು ಮೈಲಿಗೂ ಹೆಚ್ಚು ದೂರ.

ಇಂತಹ ಬಂಡಿಗಳನ್ನು ಆ ದೇಶದವರು ‘ಮಸಲ್ ಕಾರು’ ಎನ್ನುತ್ತಾರೆ. ‘ಕಟ್ಟುಮಸ್ತಾದ ಬಂಡಿ’ ಎಂದು ನಾವು ಹೇಳಬಹುದು. ಸಾಧಾರಣ ಗಾತ್ರದ ಎರಡು ಬಾಗಿಲಿನ ಒಡಲಿನೊಳಗೆ ಎಂಟು ಸಿಲಿಂಡರುಗಳ ದೊಡ್ಡ ಎಂಜಿನನ್ನು ಇರಿಸಿ, ಹಿಂದಿನ ಚಕ್ರಗಳಿಗೆ ಬಲವೂಡುವುದು ಇವುಗಳ ಹಳೆಯ ಸಂಪ್ರದಾಯ. ೧೯೬೪ರಲ್ಲಿ ಬಂದ ಪಾಂಟಿಯಾಕ್ ಜಿ.ಟಿ.ಒ. ಎಂಬುದನ್ನು ಈ ಕುಲದ ಮೂಲಪುರುಷನೆಂದು ಅನೇಕರು ಎಣಿಸುವರು. ಮಸ್ಟಾಂಗ್ ಬಂಡಿಯನ್ನು ಅದೇ ವರ್ಷದ ಏಪ್ರಿಲ್ ೧೭ರಂದು ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಜನರ ಮುಂದೆ ತಂದರು. ಇದರ ಜೊತೆಗಾರರಾದ ಕ್ಯಾಮರೋ, ಚಾಲೆಂಜರ್ ಎಂಬ ಬಂಡಿಗಳ ತಯಾರಿಕೆಯು ೨೦೨೩ರ ಕೊನೆಗೆ ನಿಂತುಹೋಯಿತು. ಡೆಟ್ರಾಯಿಟಿನ ವುಡ್‌ವರ್ಡ್ ಹೆದ್ದಾರಿಯಲ್ಲಿ ೧೯೯೫ರಿಂದ ಆಗಸ್ಟ್ ತಿಂಗಳಿನಲ್ಲಿ ಇಂತಹ ಬಂಡಿಗಳ ಮೆರವಣಿಗೆಯು ನಡೆಯುತ್ತ ಬಂದಿದೆ. ನಮ್ಮ ಹುಡುಗನಿಗೂ ಅದರಲ್ಲಿ ಸೇರುವ ಉತ್ಸಾಹ. ಅದಕ್ಕಾಗಿ ಅವನು ನಾವು ಬರುವುದಕ್ಕೆ ಒಂದು ತಿಂಗಳ ಮೊದಲು ಬಂಡಿಯ ನಾಲ್ಕು ಸ್ಪ್ರಿಂಗುಗಳನ್ನೂ ಬಿಚ್ಚಿಸಿ, ಬಂಡಿಯನ್ನು ನೆಲಕ್ಕೆ ತಗ್ಗಿಸುವ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿದ್ದನು. ಟೈರಿಗೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸುವಷ್ಟೇ ಎಡೆ. ನೋಡುವುದಕ್ಕೆ ಬೇಟೆಗೆ ಹೊಂಚಿದ ಚಿರತೆಯಂತೆ ಕಾಣುತ್ತಿತ್ತು; ಸುಳ್ಳು ಹೇಳಬಾರದು.

ವಿಮಾನ ನಿಲ್ದಾಣದಿಂದ ಮನೆಗೆ ಬರುವಷ್ಟರಲ್ಲಿಯೇ ಚಿರತೆಯ ಗುಣ ತಿಳಿಯಿತು. ಕಾಂಕ್ರೀಟು ರಸ್ತೆಯ ಒಂದೊಂದು ಸಂದಿಗೂ ಒಂದೊಂದು ಏಟು. ಮಿಷಿಗನ್ನಿನ ಚಳಿಗಾಲದಲ್ಲಿ ರಸ್ತೆಯ ಬಿರುಕಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುವುದು, ಕರಗಿ ಇಳಿಯುವುದು, ಮತ್ತೆ ಹೆಪ್ಪುಗಟ್ಟುವುದು. ಹೀಗಾಗಿ ಎಷ್ಟು ದುರಸ್ತಿ ಮಾಡಿದರೂ ಗುಂಡಿಗಳು ಉಳಿಯುತ್ತವೆ. ಅಂತಹ ಒಂದು ಗುಂಡಿಗೆ ಚಕ್ರ ಇಳಿದಾಗ ಅಡಿಯಿಂದ ಸುತ್ತಿಗೆಯಲ್ಲಿ ಹೊಡೆದಂತಾಯಿತು. ಅಕ್ಕ ಎರಡು ಕೈಗಳಿಂದಲೂ ಆಸನವನ್ನು ಹಿಡಿದುಕೊಂಡಳು.

“ಇದಕ್ಕಿಂತ ನಮ್ಮೂರಿನ ಎತ್ತಿನ ಗಾಡಿಯೇ ವಾಸಿಯಾಗಿತ್ತಲ್ಲೋ, ಮಗು!” ಎಂದಳು.

ಹುಡುಗ ನಕ್ಕನು. ಆದರೆ ಎರಡನೆಯ ವಾರದಲ್ಲಿ ದೇವಸ್ಥಾನಕ್ಕೆ ಹೋಗಿಬಂದ ಮೇಲೆ ಅಕ್ಕ ಮಂಚದಿಂದ ಏಳಲಾರದೆ ಎರಡು ದಿನ ಮಲಗಿದಳು. ಅವಳ ಬೆನ್ನುನೋವು ಹತ್ತು ವರ್ಷಗಳದು. ಅಂದಿನಿಂದ ಎಲ್ಲಿಗೆ ಕರೆದರೂ, “ನೀವು ಹೋಗಿಬನ್ನಿ, ನನಗೆ ಮನೆಯೇ ಸಾಕು” ಎಂಬ ಒಂದೇ ಮಾತು. ಒಂದು ರಾತ್ರಿ ಹುಡುಗನು ನಮ್ಮ ಬಳಿ ಕುಳಿತು, “ಮಾವ, ಅಮ್ಮನಿಗೋಸ್ಕರ ಕೊಂಡ ಬಂಡಿ, ಅದರಲ್ಲಿ ಅಮ್ಮನೇ ಕೂರುವುದಿಲ್ಲ. ಹಳೆಯ ಸ್ಪ್ರಿಂಗುಗಳನ್ನು ಆಗಲೇ ಮಾರಿಬಿಟ್ಟೆ. ಈಗ ಏನು ಮಾಡಲಿ ಹೇಳಿ” ಎಂದನು. ನಾವು ಕೆಲವು ಕಾಲ ಯಂತ್ರಶಾಸ್ತ್ರವನ್ನು ಪಾಠ ಹೇಳಿದವರು. ಆ ಸಲಿಗೆಯಿಂದ ಕೇಳಿದನು. ಕಾಗದ ಪೆನ್ಸಿಲು ತರಲು ಹೇಳಿದೆವು.

ಸ್ಪ್ರಿಂಗು ಮಾಡುವ ಕೆಲಸ

ಜಟಕಾ ಗಾಡಿಯ ಅಡಿಯಲ್ಲಿ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಹಿರಿಯ ಓದುಗರು ನೋಡಿರಬಹುದು. ಮೋಟಾರಿನ ಸುರುಳಿ ಸ್ಪ್ರಿಂಗೂ ಅದರ ಬಂಧುವೇ. ಸ್ಪ್ರಿಂಗಿನ ಮೇಲೆ ಎಷ್ಟು ಭಾರ ಹೇರಿದರೆ ಅಷ್ಟಕ್ಕೆ ತಕ್ಕಂತೆ ಅದು ಕುಗ್ಗುವುದೆಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ೧೬೭೮ರಲ್ಲಿಯೇ ಪ್ರಕಟಿಸಿದನು. ಒಂದು ಅಂಗುಲ ಕುಗ್ಗಿಸಲು ೧೫೦ ಪೌಂಡು ಬೇಕಾದರೆ, ಎರಡು ಅಂಗುಲಕ್ಕೆ ೩೦೦ ಪೌಂಡು. ಅಮೆರಿಕದ ಅಂಗಡಿಗಳಲ್ಲಿ ಸ್ಪ್ರಿಂಗಿನ ಗಡಸುತನವನ್ನು ಹೀಗೆಯೇ, ಅಂಗುಲಕ್ಕೆ ಇಷ್ಟು ಪೌಂಡು ಎಂದು ಹೇಳುತ್ತಾರೆ.

ಬಂಡಿಯ ಒಂದು ಮೂಲೆಯಲ್ಲಿ ಸ್ಪ್ರಿಂಗು ಹೊರುವ ಭಾರವು ೯೦೦ ಪೌಂಡು ಎಂದಿಟ್ಟುಕೊಳ್ಳೋಣ. ಅಂಗುಲಕ್ಕೆ ೧೫೦ ಪೌಂಡಿನ ಸ್ಪ್ರಿಂಗು ಆ ಭಾರಕ್ಕೆ ಆರು ಅಂಗುಲ ಕುಗ್ಗಿ ನಿಲ್ಲುವುದು. ಹೀಗೆ ನಿಂತ ಬಂಡಿಯನ್ನು ಒತ್ತಿ ಬಿಟ್ಟರೆ ಅದು ತೊಟ್ಟಿಲಿನಂತೆ ಮೇಲಕ್ಕೂ ಕೆಳಕ್ಕೂ ತೂಗುವುದಷ್ಟೆ? ನಿಮಿಷಕ್ಕೆ ಎಷ್ಟು ಸಲ ತೂಗುವುದೆಂದು ತಿಳಿಯಬೇಕಾದರೆ, ಸ್ಪ್ರಿಂಗು ಕುಗ್ಗಿದ ಅಂಗುಲಗಳ ವರ್ಗಮೂಲದಿಂದ ೧೮೮ನ್ನು ಭಾಗಿಸಬೇಕು. ಆರು ಅಂಗುಲಕ್ಕೆ ಸುಮಾರು ೭೭ ತೂಗು. ೨೦೦ ಪೌಂಡಿನ ಸ್ಪ್ರಿಂಗಾದರೆ ನಾಲ್ಕೂವರೆ ಅಂಗುಲ ಕುಗ್ಗಿ, ೮೯ ಸಲ ತೂಗುವುದು. ೩೦೦ ಪೌಂಡಿನದಾದರೆ ಮೂರೇ ಅಂಗುಲ. ತೂಗು ೧೦೮ಕ್ಕೆ ಏರುವುದು. ನಿಮಿಷಕ್ಕೆ ಅರುವತ್ತರಿಂದ ತೊಂಬತ್ತರವರೆಗಿನ ತೂಗು ಮನೆಮಂದಿ ಕೂರುವ ಬಂಡಿಗೆ ಹಿತವಾದುದು. ತೊಟ್ಟಿಲನ್ನು ಮೆಲ್ಲನೆ ತೂಗಿದರೆ ಮಗು ನಿದ್ದೆಹೋಗುತ್ತದೆ. ಬಿರುಸಾಗಿ ಅಲುಗಿಸಿದರೆ ಅಳುತ್ತದೆ. ದೊಡ್ಡವರ ದೇಹವೂ ಇದಕ್ಕೆ ಹೊರತಲ್ಲ. ಅದರಲ್ಲಿಯೂ ಕುಳಿತ ಮನುಷ್ಯನ ಬೆನ್ನಿಗೆ ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಬರುವ ಮೇಲುಕೆಳಗಿನ ನಡುಕವು ಎಲ್ಲಕ್ಕಿಂತ ಹೆಚ್ಚು ತಾಕುತ್ತದೆಂದು ತಜ್ಞರು ಕಂಡುಕೊಂಡಿದ್ದಾರೆ.

“ಹಾಗಾದರೆ ತಗ್ಗಿಸಿದ್ದೇ ತಪ್ಪೇ, ಮಾವ?” ಎಂದು ಹುಡುಗ ಕೇಳಿದನು.

ಇಲ್ಲಿಯೇ ಅನೇಕರು ಎಡವುವುದು. ಗಡಸುತನವನ್ನು ಹಾಗೆಯೇ ಇಟ್ಟು, ಸ್ಪ್ರಿಂಗನ್ನು ಒಂದು ಅಂಗುಲ ಗಿಡ್ಡವಾಗಿ ಮಾಡಿದರೆ ಬಂಡಿಯು ಒಂದು ಅಂಗುಲ ತಗ್ಗುವುದು; ತೂಗು ಮಾತ್ರ ಮೊದಲಿನಷ್ಟೇ ಇರುವುದು. ತಗ್ಗುವುದರಿಂದಲೇ ಮೆತ್ತನೆಯ ಗುಣ ಹೋಗುವುದಿಲ್ಲ. ಹೋಗುವುದು ಚಲನೆಯ ಅವಕಾಶ. ಚಕ್ರವು ಮೇಲಕ್ಕೆ ಏರಲು ಇಂತಿಷ್ಟೇ ಎಡೆ ಇದೆ. ಅದರ ಕೊನೆಯಲ್ಲಿ ರಬ್ಬರಿನದೋ ಅಂತಹುದೇ ಮೆತ್ತನೆಯ ಪದಾರ್ಥದ್ದೋ ಒಂದು ತಡೆ ಇರುತ್ತದೆ. ಆ ತಡೆಗೆ ಬಡಿದ ಕ್ಷಣದಲ್ಲಿ ಸ್ಪ್ರಿಂಗು ಇದ್ದೂ ಇಲ್ಲದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಮೋಟಾರಿಗೂ ಸಲ್ಲುತ್ತದೆ. ಬಂಡಿಯನ್ನು ತಗ್ಗಿಸುವವನು ಹಾಸಿಗೆಯನ್ನೇ ಕತ್ತರಿಸುತ್ತಾನೆ.

ಎಷ್ಟು ಕತ್ತರಿಸಿದರೆ ಎಷ್ಟು ನಷ್ಟ? ತಡೆಗೆ ಮುಟ್ಟುವ ಮೊದಲು ಮೂರು ಅಂಗುಲ ಎಡೆಯಿದೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದೂವರೆ ಅಂಗುಲ ತಗ್ಗಿಸಿದರೆ ಉಳಿಯುವುದು ಅರ್ಧ. ಆ ಅರ್ಧದೊಳಗೇ ಮೊದಲಿನಷ್ಟು ದೊಡ್ಡ ಏಟನ್ನು ನುಂಗಬೇಕಾದರೆ ಸ್ಪ್ರಿಂಗು ಎರಡರಷ್ಟಲ್ಲ, ನಾಲ್ಕರಷ್ಟು ಗಡಸಾಗಬೇಕು. ಏಕೆಂದರೆ ಸ್ಪ್ರಿಂಗು ನುಂಗುವ ಶಕ್ತಿಯು ಅದು ಚಲಿಸುವ ದೂರದ ವರ್ಗಕ್ಕೆ ತಕ್ಕಂತೆ ಇರುವುದು. ನಾಲ್ಕರಷ್ಟು ಗಡಸಾದ ಸ್ಪ್ರಿಂಗಿನ ಮೇಲೆ ಯಾವ ಮನುಷ್ಯನೂ ಕೂರಲಾರನು. ಆದುದರಿಂದ ತಯಾರಕರು ಸ್ವಲ್ಪ ಗಡಸುಮಾಡಿ, ಉಳಿದುದನ್ನು ತಡೆಯ ಮೇಲೆ ಹಾಕುತ್ತಾರೆ. ಒಂದೇ ಅಂಗುಲ ತಗ್ಗಿಸಿದ ಬಂಡಿಯು ನಿತ್ಯದ ಸಣ್ಣಪುಟ್ಟ ಏರುಪೇರುಗಳಲ್ಲಿ ತಡೆಯನ್ನು ಮುಟ್ಟುವುದು ಅಪರೂಪ. ಎರಡು ಅಂಗುಲ ತಗ್ಗಿಸಿದ ಬಂಡಿಗೆ ತಡೆಯೇ ಆಸರೆ.

ಮಾತು ಸಾಕು, ಕಣ್ಣಿನಿಂದ ನೋಡೋಣವೆಂದು ಮರುದಿನ ಎರಡು ಪರೀಕ್ಷೆಗಳನ್ನು ಮಾಡಿದೆವು. ನೆರೆಯವರೊಬ್ಬರಲ್ಲಿ ಅದೇ ಇಸವಿಯ, ಏನನ್ನೂ ಬದಲಿಸದ ಮಸ್ಟಾಂಗ್ ಇತ್ತು. ಸಮನಾದ ನೆಲದ ಮೇಲೆ ಎರಡನ್ನೂ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದೆವು. ನೆಲದಿಂದ ಅಳೆದರೆ ಟೈರಿನ ಗಾಳಿಯ ಹೆಚ್ಚುಕಡಿಮೆ ಲೆಕ್ಕವನ್ನು ಕೆಡಿಸುತ್ತದೆ. ಚಕ್ರದ ನಡುವಿನಿಂದ ಅಳೆದರೆ ಆ ದೋಷವಿಲ್ಲ. ನಮ್ಮ ಬಂಡಿಯು ಮುಂದೆ ಎರಡು ಅಂಗುಲ, ಹಿಂದೆ ಒಂದೂಮುಕ್ಕಾಲು ಅಂಗುಲ ತಗ್ಗಿತ್ತು. ಬಳಿಕ ಮುಂದಿನ ಷಾಕ್ ಅಬ್ಸಾರ್ಬರಿನ ಧೂಳಿನ ಮುಸುಕನ್ನು ಸರಿಸಿ, ಅದರ ನಯವಾದ ಸರಳಿಗೆ ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿಯೊಂದನ್ನು ಬಿಗಿದು ಕಟ್ಟಿದೆವು. ಚಕ್ರ ಮೇಲೇರಿದಂತೆಲ್ಲ ಪಟ್ಟಿಯು ಸರಳಿನ ಮೇಲೆ ಜರುಗಿ, ಅತಿ ಹೆಚ್ಚು ಏರಿದಲ್ಲಿ ನಿಲ್ಲುತ್ತದೆ. ತರಕಾರಿ ಅಂಗಡಿಗೆ ಹೋಗಿಬಂದು ನೋಡಿದರೆ ಪಟ್ಟಿಯು ತಡೆಗೆ ಅಂಟಿಕೊಂಡಿತ್ತು! ಮೂರು ಮೈಲಿಯ ಹಾದಿಯಲ್ಲಿಯೇ ಬಂಡಿಯು ತನ್ನ ಎಡೆಯನ್ನೆಲ್ಲ ಮುಗಿಸಿಕೊಂಡಿತ್ತು. ಅಕ್ಕನ ಬೆನ್ನಿಗೆ ಬಿದ್ದ ಸುತ್ತಿಗೆಯ ಏಟು ಯಾವುದೆಂದು ಹುಡುಗನಿಗೆ ತಿಳಿಯಿತು. ಅವನು ಮಾತನಾಡಲಿಲ್ಲ.

ಆಯ್ಕೆಯ ಬಗೆ

ತಗ್ಗಿಸುವುದರಿಂದ ಪ್ರಯೋಜನವೇ ಇಲ್ಲವೆಂದು ನಾವು ಹೇಳುವುದಿಲ್ಲ. ಬಂಡಿಯ ಭಾರದ ಕೇಂದ್ರವು ನೆಲದಿಂದ ಇಪ್ಪತ್ತು ಅಂಗುಲದಲ್ಲಿದ್ದರೆ, ಒಂದು ಅಂಗುಲ ತಗ್ಗಿಸಿದಾಗ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಸರಿಯುವ ಭಾರವು ನೂರಕ್ಕೆ ಐದರಷ್ಟು ಕಡಿಮೆಯಾಗುವುದು. ಇದು ಸಣ್ಣ ಲಾಭವಾದರೂ ಲಾಭವೇ. ಆದರೆ ಎರಡು ಅಂಗುಲ ತಗ್ಗಿಸಿದರೆ ಲಾಭವೂ ಎರಡರಷ್ಟೆಂದು ತಿಳಿಯಬಾರದು. ಮಸ್ಟಾಂಗಿನಂತಹ ಬಂಡಿಯ ಮುಂದಿನ ಚಕ್ರಗಳ ಏರ್ಪಾಡಿನಲ್ಲಿ, ಬಂಡಿಯು ಯಾವ ಬಿಂದುವಿನ ಸುತ್ತ ವಾಲುವುದೋ ಆ ಬಿಂದುವು ಭಾರದ ಕೇಂದ್ರಕ್ಕಿಂತ ಹೆಚ್ಚು ವೇಗವಾಗಿ ಕೆಳಗಿಳಿಯುತ್ತದೆ. ಹಾಗಾಗಿ ಅತಿಯಾಗಿ ತಗ್ಗಿಸಿದ ಬಂಡಿಯು ತಿರುವಿನಲ್ಲಿ ವಾಲಲು ಇನ್ನಷ್ಟು ಹವಣಿಸುವುದು. ಅದನ್ನು ತಡೆಯಲು ಮತ್ತೆ ಗಡಸು ಸ್ಪ್ರಿಂಗು ಬೇಕು. ಅತಿಯಾದರೆ ಅಮೃತವೂ ವಿಷವೆಂಬುದಕ್ಕೆ ಇದೂ ಒಂದು ನಿದರ್ಶನ.

ಆದುದರಿಂದ ನಾವು ಮೊದಲು ನಿರ್ಧರಿಸಿದ್ದು ಒಂದು ಅಂಗುಲದ ಮಿತಿ. ಎರಡನೆಯದು ಗಡಸುತನ. ಮೂಲ ಸ್ಪ್ರಿಂಗಿಗಿಂತ ನೂರಕ್ಕೆ ಇಪ್ಪತ್ತು ಇಪ್ಪತ್ತೈದರಷ್ಟು ಹೆಚ್ಚಿದ್ದರೆ ತೂಗು ನೂರಕ್ಕೆ ಹತ್ತು ಹನ್ನೆರಡರಷ್ಟು ಮಾತ್ರ ಏರುವುದು. ಇದನ್ನು ದೇಹವು ಸಹಿಸಬಲ್ಲದು. ಕೆಲವು ಸ್ಪ್ರಿಂಗುಗಳಲ್ಲಿ ಒಂದು ತುದಿಯ ಸುರುಳಿಗಳು ಒತ್ತಾಗಿಯೂ ಇನ್ನೊಂದು ತುದಿಯವು ಬಿಡಿಯಾಗಿಯೂ ಇರುತ್ತವೆ. ಸಣ್ಣ ಏಟಿಗೆ ಎಲ್ಲ ಸುರುಳಿಗಳೂ ದುಡಿಯುವುದರಿಂದ ಅವು ಮೆತ್ತಗಿರುತ್ತವೆ. ದೊಡ್ಡ ಏಟಿಗೆ ಒತ್ತಾದ ಸುರುಳಿಗಳು ಒಂದಕ್ಕೊಂದು ಕೂಡಿಕೊಂಡು, ಉಳಿದವು ಮಾತ್ರ ದುಡಿದು, ಸ್ಪ್ರಿಂಗು ಗಡಸಾಗುವುದು. ಮನೆಬಳಕೆಯ ಬಂಡಿಗೆ ಈ ಬಗೆಯವು ಒಪ್ಪುತ್ತವೆ. ಪಂದ್ಯದಲ್ಲಿ ಓಡಿಸುವವರು ಮೊದಲಿನಿಂದ ಕೊನೆಯವರೆಗೂ ಒಂದೇ ಗಡಸಿನವನ್ನು ಬಯಸುವುದುಂಟು. ಅದು ಬೇರೆ ಮಾತು.

ಮೂರನೆಯದಾಗಿ, ಮುಂದಿನದಕ್ಕೂ ಹಿಂದಿನದಕ್ಕೂ ಹೊಂದಿಕೆ. ೧೯೩೦ರ ದಶಕದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯಲ್ಲಿದ್ದ ಮಾರಿಸ್ ಆಲಿ ಎಂಬ ಯಂತ್ರಶಿಲ್ಪಿಯು ಸುಖಸವಾರಿಯ ವಿಷಯದಲ್ಲಿ ಬಹಳ ಪರಿಶ್ರಮ ಮಾಡಿದವನು. ಬಂಡಿಯ ಮುಂಭಾಗವು ಹಿಂಭಾಗಕ್ಕಿಂತ ಸ್ವಲ್ಪ ನಿಧಾನವಾಗಿ ತೂಗಬೇಕೆಂಬುದು ಅವನು ಕಂಡ ತತ್ತ್ವ. ಕಾರಣವಿಷ್ಟೆ: ರಸ್ತೆಯ ಉಬ್ಬನ್ನು ಮುಂದಿನ ಚಕ್ರಗಳು ಮೊದಲು ಏರುತ್ತವೆ, ಹಿಂದಿನವು ತಡವಾಗಿ. ಹಿಂಭಾಗವು ತುಸು ಚುರುಕಾಗಿ ತೂಗಿದರೆ ಅದು ಮುಂಭಾಗವನ್ನು ಹಿಡಿದು, ಎರಡೂ ಒಟ್ಟಾಗಿ ಏರಿಳಿಯುವುವು. ಇಲ್ಲದಿದ್ದರೆ ಬಂಡಿಯು ಅಲೆಯ ಮೇಲಿನ ದೋಣಿಯಂತೆ ಮುಗ್ಗರಿಸುತ್ತದೆ. ಕುಳಿತವರ ಕತ್ತು ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಹೀಗಾಗಿ ನಾಲ್ಕು ಸ್ಪ್ರಿಂಗುಗಳನ್ನೂ ಒಂದೇ ಬಂಡಿಗೆಂದು ಹೊಂದಿಸಿದ ಜೊತೆಯಾಗಿಯೇ ಕೊಳ್ಳತಕ್ಕದ್ದು. ಒಂದು ಜಾತಿಯ ಬಂಡಿಯ ಪೌಂಡುಗಳನ್ನು ಇನ್ನೊಂದು ಜಾತಿಯದರೊಡನೆ ಹೋಲಿಸಿ ನೋಡುವುದೂ ವ್ಯರ್ಥ. ಸ್ಪ್ರಿಂಗು ಚಕ್ರದಿಂದ ಎಷ್ಟು ಒಳಗೆ ಕುಳಿತಿದೆ ಎಂಬುದರ ಮೇಲೆ ಫಲವು ಬದಲಾಗುತ್ತದೆ.

ನಾಲ್ಕನೆಯದು ಷಾಕ್ ಅಬ್ಸಾರ್ಬರು. ಸ್ಪ್ರಿಂಗು ಏಟನ್ನು ನುಂಗುತ್ತದೆ. ನುಂಗಿದ ಮೇಲೆ ಕುಣಿಯದಂತೆ ಹಿಡಿಯುವುದು ಇದರ ಕೆಲಸ. ಮೆತ್ತನೆಯ ಸ್ಪ್ರಿಂಗಿಗೆಂದು ಮಾಡಿದ ಹಳೆಯ ಷಾಕ್ ಅಬ್ಸಾರ್ಬರಿಗೆ ಗಡಸು ಸ್ಪ್ರಿಂಗಿನ ಹಿಡಿತ ಸಾಲದು. ಹೊಸ ಸ್ಪ್ರಿಂಗು ಹಾಕಿಸಿ ‘ಸುಖವಿಲ್ಲ’ ಎಂದು ದೂರುವವರಲ್ಲಿ ಅನೇಕರ ದೋಷ ಸ್ಪ್ರಿಂಗಿನದಲ್ಲ, ಸವೆದ ಷಾಕ್ ಅಬ್ಸಾರ್ಬರಿನದು. ನಮ್ಮ ಹುಡುಗನ ಬಂಡಿಯಲ್ಲಿದ್ದವು ಬಂಡಿ ಹುಟ್ಟಿದಾಗಿನವು. ಅವನ್ನೂ ಬದಲಿಸಲು ಹೇಳಿದೆವು. “ಮಾವ, ಖರ್ಚು ಎರಡರಷ್ಟಾಗುತ್ತದಲ್ಲ?” ಎಂದನು. “ಬೆಡಗಿಗೆ ಒಮ್ಮೆ ಖರ್ಚುಮಾಡಿದೆ, ಈಗ ತಾಯಿಗೆ ಒಮ್ಮೆ ಮಾಡು” ಎಂದೆವು.

ಅಗ್ಗದ ದಾರಿಯೊಂದುಂಟು. ಕೆಲವರು ಇದ್ದ ಸ್ಪ್ರಿಂಗಿನ ಒಂದೆರಡು ಸುರುಳಿಗಳನ್ನು ಕೊಯ್ದುಹಾಕುತ್ತಾರೆ. ಕೆಲವರು ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುತ್ತಾರೆ. ಇವೆರಡನ್ನೂ ಯಾರೂ ಮಾಡಬಾರದು. ದುಡಿಯುವ ಎಂಟು ಸುರುಳಿಗಳಲ್ಲಿ ಒಂದನ್ನು ಕೊಯ್ದರೆ ಸ್ಪ್ರಿಂಗು ನೂರಕ್ಕೆ ಹದಿನಾಲ್ಕರಷ್ಟು ಗಡಸಾಗುವುದು. ಕೊಯ್ದ ತುದಿಯು ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಕಾಯಿಸಿದರಂತೂ ಉಕ್ಕು ತನ್ನ ಹದವನ್ನೇ ಕಳೆದುಕೊಂಡು, ಬರಬರುತ್ತ ಕುಸಿಯುತ್ತದೆ, ಇಲ್ಲವೆ ಮುರಿಯುತ್ತದೆ. ಸ್ಪ್ರಿಂಗಿನ ತಯಾರಿಕೆಯು ಎಷ್ಟು ಸೂಕ್ಷ್ಮವೆಂದರೆ, ತಂತಿಯ ದಪ್ಪವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಗಡಸುತನವು ನೂರಕ್ಕೆ ನಲವತ್ತಾರರಷ್ಟು ಏರುತ್ತದೆ. ಇಂತಹುದನ್ನು ಗರಗಸದಿಂದ ತಿದ್ದಲು ಹೊರಡುವುದು ಅವಿವೇಕ.

ಹಾಕಿಸುವಾಗ ಗಮನಿಸತಕ್ಕವು

ಬಿಗಿದ ಸ್ಪ್ರಿಂಗು ಹುದುಗಿಟ್ಟ ಬಲ. ಆರು ಅಂಗುಲ ಕುಗ್ಗಿದ, ಅಂಗುಲಕ್ಕೆ ೧೫೦ ಪೌಂಡಿನ ಸ್ಪ್ರಿಂಗು ೯೦೦ ಪೌಂಡಿನ ಒತ್ತಡದಿಂದ ಬಿಡುಗಡೆಗೆ ಕಾದಿರುತ್ತದೆ. ಅದು ಸಿಡಿದರೆ ಮೂಳೆಯೂ ಉಳಿಯದು. ತಕ್ಕ ಉಪಕರಣವೂ ಅಭ್ಯಾಸವೂ ಉಳ್ಳ ಮೆಕ್ಯಾನಿಕ್ಕಿಗೆ ಕೆಲಸವನ್ನು ಒಪ್ಪಿಸುವುದೇ ಮೇಲು. ಆದರೆ ಒಪ್ಪಿಸಿ ಸುಮ್ಮನಾಗಬಾರದು. ಕೆಲವು ಮಾತುಗಳನ್ನು ಕೇಳಿ ತಿಳಿಯಬೇಕು.

ಚಕ್ರವನ್ನು ಬಂಡಿಗೆ ಜೋಡಿಸುವ ತೋಳುಗಳ ಕೀಲಿನಲ್ಲಿ ರಬ್ಬರಿನ ಬುಷ್‌ಗಳಿರುತ್ತವೆ. ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟುಗಳನ್ನು ಬಿಗಿದರೆ, ಬಂಡಿಯನ್ನು ಇಳಿಸಿದೊಡನೆ ರಬ್ಬರು ತಿರುಚಿಕೊಂಡು ನಿಲ್ಲುತ್ತದೆ. ಅದರಿಂದ ಸವಾರಿಯು ಗಡಸಾಗುವುದಲ್ಲದೆ ರಬ್ಬರೂ ಬೇಗ ಹರಿಯುವುದು. ಆದುದರಿಂದ ಚಕ್ರಗಳ ಮೇಲೆ ಬಂಡಿಯ ಭಾರ ಬಿದ್ದಮೇಲೆಯೇ ಕೊನೆಯ ಬಿಗಿತ. ಮೊದಲ ಸಲ ಹುಡುಗನ ಕೆಲಸ ಮಾಡಿದ ಗ್ಯಾರೇಜಿನವರು ಇದನ್ನು ಮರೆತಿದ್ದರೆಂದು ಎರಡನೆಯ ಸಲ ಬಿಚ್ಚಿದಾಗ ಗೊತ್ತಾಯಿತು.

೨೦೧೪ರವರೆಗಿನ ಮಸ್ಟಾಂಗುಗಳಲ್ಲಿ ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಅಚ್ಚಿಗೆ ಸೇರಿವೆ. ೨೦೧೫ರಿಂದ ಪ್ರತಿ ಚಕ್ರವೂ ಸ್ವತಂತ್ರ. ಹಳೆಯ ಏರ್ಪಾಡಿನಲ್ಲಿ ಅಚ್ಚು ಪಕ್ಕಕ್ಕೆ ಸರಿಯದಂತೆ ಪ್ಯಾನ್‌ಹಾರ್ಡ್ ಸರಳು ಎಂಬ ಅಡ್ಡಸರಳು ಹಿಡಿದಿರುತ್ತದೆ. ಅದರ ಒಂದು ತುದಿ ಒಡಲಿಗೆ, ಇನ್ನೊಂದು ಅಚ್ಚಿಗೆ. ಒಡಲು ತಗ್ಗಿದಾಗ ಸರಳಿನ ಓರೆ ಬದಲಾಗಿ, ಅಚ್ಚು ತುಸು ಒಂದು ಪಕ್ಕಕ್ಕೆ ಸರಿಯುವುದು. ಒಂದು ಅಂಗುಲಕ್ಕೆ ಈ ಸರಿತ ಅಲ್ಪ. ಹೆಚ್ಚು ತಗ್ಗಿಸಿದರೆ ಉದ್ದವನ್ನು ಸರಿಪಡಿಸಬಲ್ಲ ಸರಳನ್ನು ಹಾಕಿಸಬೇಕಾಗುತ್ತದೆ. ಮುಂದಿನ ಚಕ್ರಗಳು ತಗ್ಗಿದಂತೆ ಮೇಲ್ಭಾಗದಲ್ಲಿ ಒಳಕ್ಕೆ ವಾಲುತ್ತವೆ. ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರಿನ ಒಳ ಅಂಚು ಸವೆದು, ಹೊರಗಿನಿಂದ ನೋಡಿದವನಿಗೆ ಹೊಸದರಂತೆ ಕಾಣುತ್ತಲೇ ಹಾಳಾಗುತ್ತದೆ. ಹೊಸ ಸ್ಪ್ರಿಂಗುಗಳು ಕೆಲವು ವಾರಗಳಲ್ಲಿ ಇನ್ನೂ ಸ್ವಲ್ಪ ಕುಳಿತುಕೊಳ್ಳುವುದುಂಟು. ಆಮೇಲೆ ಅಲೈನ್‌ಮೆಂಟನ್ನು ಇನ್ನೊಮ್ಮೆ ನೋಡಿಸಬೇಕು. ಮುಂದಿನ ದೀಪಗಳ ಗುರಿಯನ್ನೂ ಸರಿಮಾಡಿಸಬೇಕು. ಟೈರಿನ ಗಾಳಿಯನ್ನು ಬಾಗಿಲಿನ ಬದಿಯ ಚೀಟಿಯಲ್ಲಿ ಬರೆದಷ್ಟೇ ತುಂಬಬೇಕು. ಅತಿಯಾಗಿ ತುಂಬಿದ ಟೈರು ಎಂತಹ ಒಳ್ಳೆಯ ಸ್ಪ್ರಿಂಗಿನ ಹೆಸರನ್ನೂ ಕೆಡಿಸುತ್ತದೆ.

ಇನ್ನೊಂದು ಸಂಗತಿಯನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಬಂಡಿ ತಗ್ಗಿದಷ್ಟೂ ಆಸನವೂ ತಗ್ಗುತ್ತದೆ. ಮಸ್ಟಾಂಗಿನ ಆಸನವು ಮೊದಲೇ ತಗ್ಗು, ಬಾಗಿಲು ಮೊದಲೇ ಉದ್ದ. ಮೊಣಕಾಲು ನೋಯುವವರಿಗೆ ಎರಡು ಅಂಗುಲವೆಂದರೆ, ಕುರ್ಚಿಯಿಂದ ಏಳುವುದಕ್ಕೂ ಮಣೆಯಿಂದ ಏಳುವುದಕ್ಕೂ ಇರುವ ಅಂತರ. ಬಂಡಿಯಲ್ಲಿ ಹಿರಿಯರು ಕೂರುವುದಾದರೆ, ಸ್ಪ್ರಿಂಗು ಕೊಳ್ಳುವ ಮೊದಲು ಅವರನ್ನೊಮ್ಮೆ ಕೂರಿಸಿ, ಎಬ್ಬಿಸಿ ನೋಡಬೇಕು.

ನಮ್ಮ ನಾಡಿನ ಯುವಕರಿಗೆ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆವು. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಬಂಡಿಯನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವೂ ೨೦೧೯ರಲ್ಲಿ ಇದನ್ನು ಎತ್ತಿಹಿಡಿದಿದೆ. ಅಮೆರಿಕದಲ್ಲಿ ನಡೆಯುವುದೆಲ್ಲ ಇಲ್ಲಿಯೂ ನಡೆಯುವುದೆಂದು ತಿಳಿಯಬಾರದು. ನಮ್ಮ ಬೀದಿಬೀದಿಯ ಹಂಪುಗಳ ಮಾತು ಬೇರೆಯೇ ಇದೆ.

ಮ್ಯಾಕಿನಾ ಪ್ರಯಾಣ

ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಹೊಸ ಸ್ಪ್ರಿಂಗುಗಳೂ ಷಾಕ್ ಅಬ್ಸಾರ್ಬರುಗಳೂ ಬಂಡಿಯನ್ನು ಸೇರಿದವು. ಬಂಡಿಯು ಮೂಲಕ್ಕಿಂತ ಒಂದು ಅಂಗುಲದಷ್ಟೇ ತಗ್ಗಿ ನಿಂತಿತು. ಚಿರತೆಯು ಹೊಂಚುವುದನ್ನು ಬಿಟ್ಟು ಎದ್ದು ನಿಂತಂತಿತ್ತು. ಆದರೂ ಅಂದಕ್ಕೆ ಕುಂದಿರಲಿಲ್ಲ. ಪ್ಲಾಸ್ಟಿಕ್ ಪಟ್ಟಿಯನ್ನು ಮತ್ತೆ ಕಟ್ಟಿ, ಅದೇ ತರಕಾರಿ ಅಂಗಡಿಗೆ, ಅದೇ ಹಾದಿಯಲ್ಲಿ ಹೋಗಿಬಂದೆವು. ಪಟ್ಟಿಯು ತಡೆಗಿಂತ ಮುಕ್ಕಾಲು ಅಂಗುಲ ಈಚೆಗೇ ನಿಂತಿತ್ತು.

ಅಕ್ಕನನ್ನು ಒಪ್ಪಿಸುವುದು ಸ್ಪ್ರಿಂಗು ಬದಲಿಸಿದಷ್ಟು ಸುಲಭವಾಗಿರಲಿಲ್ಲ. “ಅಮ್ಮ, ಬೀದಿಯ ತಿರುವಿನವರೆಗೆ ಬಾ, ಸಾಕು” ಎಂದು ಹುಡುಗ ಬೇಡಿಕೊಂಡನು. ತಿರುವಿನಲ್ಲಿ ಅಕ್ಕ ಏನೂ ಹೇಳಲಿಲ್ಲ. ಇನ್ನೊಂದು ತಿರುವಿನವರೆಗೂ ಏನೂ ಹೇಳಲಿಲ್ಲ. ಆ ಶನಿವಾರ ಬೆಳಗಿನ ಜಾವಕ್ಕೆ ಮೊಸರನ್ನದ ಡಬ್ಬಿಯನ್ನು ಕಟ್ಟಿಕೊಂಡು ಉತ್ತರಕ್ಕೆ ಹೊರಟೆವು. ದಾರಿಯಲ್ಲಿ ಮೂರು ಕಡೆ ನಿಂತು ಅಕ್ಕನನ್ನು ಅಡ್ಡಾಡಿಸಿದೆವು; ಎಂತಹ ಸ್ಪ್ರಿಂಗಾದರೂ ಅಷ್ಟು ಹೊತ್ತು ಒಂದೇ ಸಮನೆ ಕೂರುವುದು ಯಾವ ಬೆನ್ನಿಗೂ ಹಿತವಲ್ಲ. ಮಧ್ಯಾಹ್ನಕ್ಕೆ ಸೇತುವೆ ಕಾಣಿಸಿತು. ಎರಡು ಪಕ್ಕದಲ್ಲಿಯೂ ಸಮುದ್ರದಂತಹ ಸರೋವರಗಳು, ನಡುವೆ ಹಸಿರು ಬಣ್ಣದ ಉಕ್ಕಿನ ಹಾದಿ, ಬಿಳಿಯ ಗೋಪುರಗಳು. ಅಕ್ಕ ಕಿಟಕಿಯಿಂದ ನೋಡುತ್ತಲೇ ಇದ್ದಳು. ಅವಳ ಕೈಗಳು ಆಸನವನ್ನು ಹಿಡಿದಿರಲಿಲ್ಲ. ಮಡಿಲಲ್ಲಿ ಸುಮ್ಮನೆ ಇದ್ದುವು. ಹುಡುಗ ಅದನ್ನು ಗಮನಿಸಿದನೆಂದು ನಾವು ಬಲ್ಲೆವು.

ಸೇತುವೆ ದಾಟಿದ ಮೇಲೆ ಬಂಡಿ ನಿಲ್ಲಿಸಿ, “ಹೇಗಿದೆ, ಅಮ್ಮ?” ಎಂದು ಕೇಳಿದನು.

“ನೀರು ಬಹಳ ಚೆನ್ನಾಗಿದೆ ಕಣೋ” ಎಂದಳು ಅಕ್ಕ.

“ನೀರಲ್ಲಮ್ಮ, ಬಂಡಿ!”

“ಬಂಡಿಗೇನಾಯಿತು?” ಎಂದಳು. ಅವಳಿಗೆ ಬಂಡಿಯ ನೆನಪೇ ಇರಲಿಲ್ಲ. ಹುಡುಗ ನಮ್ಮ ಕಡೆ ತಿರುಗಿ ನಕ್ಕನು.